ತಪ್ಪು ಹುಡುಕುವ ಜನ ಇದ್ದರು

1986ರಲ್ಲಿ ಹತ್ತನೇ ತರಗತಿಯ ಗಣಿತದಲ್ಲಿ ನಾನು ಡುಮ್ಕಿ ಹೊಡೆದೆ. ಅಪ್ಪ ಬಯ್ಯಲಿಲ್ಲ. ನವಿಲುತೀರ್ಥದ ಡ್ಯಾಮಿನಲ್ಲಿ ಗೇಟಿನ ಯಂತ್ರಗಳಿಗೆ ಗ್ರೀಸು ಹಚ್ಚುವ ಕೆಲಸ ಅವನದು, ಮಾತು ಕಡಿಮೆ. ಮರುದಿನ ಮುಂಜಾನೆ ನನ್ನನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಮುನವಳ್ಳಿಗೆ ಹೋಗಿ ಪೇಂಟರ್ ಕಾಕಾನ ಅಂಗಡಿ ಮುಂದೆ ಇಳಿಸಿದ.

"ಇಂವಗ ಅಕ್ಷರ ದುಂಡಗ ಬರತಾವ, ಲೆಕ್ಕ ಬರೂದಿಲ್ಲ. ಒಂದ್ ವರ್ಷ ಇಟಗೊ."

"ಲೆಕ್ಕ ನನಗೂ ಬರೂದಿಲ್ಲ," ಅಂದ ಕಾಕಾ, ಬಣ್ಣದ ಡಬ್ಬಿಯ ಮುಚ್ಚಳ ಮೀಟುತ್ತ. "ಬರತಿದ್ರ ಈ ಧಂದೇಕ್ಕ ಯಾಕ ಬರತಿದ್ದೆ?"

ಮುಂದೆ ನಾನು ಹೇಗೋ ಬ್ಯಾಂಕು ಸೇರಿದೆ. ಲೆಕ್ಕ ಬಾರದವನಿಗೆ ಬ್ಯಾಂಕು ಹೇಗೆ ಒಲಿಯಿತು ಎಂಬುದು ಬೇರೆಯೇ ಕತೆ. ಆ ನೌಕರಿಯಲ್ಲಿ ಊರೂರು ತಿರುಗಿದೆ, ಹೋದಲ್ಲೆಲ್ಲ ಚಿತ್ರಪ್ರದರ್ಶನ ನೋಡುವ ಚಟ ಹತ್ತಿಸಿಕೊಂಡೆ. ಆದರೂ ಕಾಕಾನ ಬೆನ್ನು ಹತ್ತಿ ತಿರುಗಿದ ಆ ಒಂದು ವರ್ಷದಲ್ಲಿ ಕಂಡಷ್ಟು ಪ್ರದರ್ಶನಗಳನ್ನು ಮತ್ತೆ ಕಾಣಲಿಲ್ಲ. ಪ್ರದರ್ಶನ ಎಂಬ ಶಬ್ದವನ್ನು ಮಾತ್ರ ಅಲ್ಲಿ ಯಾರೂ ಬಳಸುತ್ತಿರಲಿಲ್ಲ.

ಅಂಗಡಿ ಎಂದರೆ ಎರಡು ಅಂಕಣದ ಮಣ್ಣಿನ ಮನೆ. ಮುಂದಿನ ಅಂಕಣದಲ್ಲಿ ತಗಡು, ಹಿಂದಿನದರಲ್ಲಿ ಬಟ್ಟೆ. ತಗಡಿನ ಕೆಲಸಕ್ಕೆ ಎನಾಮೆಲ್ ಬಣ್ಣ, ಟರ್ಪೆಂಟೈನ್, ಅಗಸಿ ಎಣ್ಣೆ. ಬಟ್ಟೆಯ ಕೆಲಸಕ್ಕೆ ಪುಡಿಬಣ್ಣ. ಮೊದಲ ಮೂರು ತಿಂಗಳು ನನ್ನ ಕೈಗೆ ಬ್ರಶ್ಶು ಬಂದದ್ದು ತೊಳೆಯಲಿಕ್ಕೆ ಮಾತ್ರ. ತಗಡಿನ ತುಕ್ಕು ಉಜ್ಜುವುದು, ಬಿಳಿ ಅಸ್ತರು ಎರಡು ಸಲ ಹೊಡೆಯುವುದು, ದಾರಕ್ಕೆ ಚಾಕಿನ ಪುಡಿ ಹಚ್ಚಿ ಈ ತುದಿಗೆ ನಾನು, ಆ ತುದಿಗೆ ಕಾಕಾ ಹಿಡಿದು ನಡುವೆ ಮೀಟಿ ಗೆರೆ ಹೊಡೆಯುವುದು. ಆ ಗೆರೆಯ ಮೇಲೆ ಅಕ್ಷರ ಕೂಡಬೇಕು. ಅಕ್ಷರದ ಹೊಟ್ಟೆ ಮೊದಲು, ತಲೆಕಟ್ಟು ಕೊನೆಗೆ. ನಾನು ಮೊದಲ ಸಲ ಬರೆದ "ಕಿರಾಣಿ" ನೋಡಿ ಕಾಕಾ, "ಅಕ್ಷರ ಬರದೀಯೋ, ಇರಿವಿ ಸಾಲ ಬಿಟ್ಟೀಯೋ?" ಅಂದ.

ಎಲ್ಲಮ್ಮನ ಗುಡ್ಡದ ಅಂಗಡಿಗಳಿಗೆ ಮರಾಠಿಯಲ್ಲೂ ಬರೆಯಬೇಕಿತ್ತು. ಕೊಲ್ಲಾಪುರ, ಸಾಂಗಲಿ ಕಡೆಯ ಭಕ್ತರು ಲೆಕ್ಕವಿಲ್ಲದಷ್ಟು ಬರುತ್ತಾರಲ್ಲ. ಕಾಕಾನಿಗೆ ಮರಾಠಿ ಓದಲು ಅಷ್ಟಕ್ಕಷ್ಟೇ. ಅಕ್ಷರಗಳನ್ನು ಚಿತ್ರದ ಹಾಗೆ ನೋಡಿ ನಕಲು ಮಾಡುತ್ತಿದ್ದ. ಬಳೆಯಂಗಡಿಯ ಬೋರ್ಡಿನ ಮುಂದೆ ಕೊಲ್ಲಾಪುರದ ಒಬ್ಬ ಮುದುಕ ನಿಂತು, ಬುತ್ತಿ ಗಂಟು ಕೆಳಗಿಟ್ಟು, ಒಂದು ಅಕ್ಷರಕ್ಕೆ ಕಾನಾ ಬಿಟ್ಟುಹೋಗಿದೆ ಎಂದು ಕೈಮಾಡಿ ತೋರಿಸಿದ. ಕಾಕಾ ಏಣಿ ಹತ್ತಿ ಅಲ್ಲೇ ತಿದ್ದಿದ. ಮುದುಕ ಅದು ಒಣಗುವ ತನಕ ಕೂತಿದ್ದು ಆಮೇಲೆ ಗುಡಿಗೆ ಹೋದ.

ನಾನು ಹೇಳಬೇಕೆಂದಿರುವುದು ಇದೇ. ಆಗ ಚಿತ್ರ ನೋಡುವ ಜನ ನಿಂತು ನೋಡುತ್ತಿದ್ದರು, ತಪ್ಪು ಕಂಡರೆ ಹೇಳುತ್ತಿದ್ದರು.

ಆ ವರ್ಷದ ಮೊದಲ ದೊಡ್ಡ ಕೆಲಸ ಗಣಪತಿಯದು. ಸೆಪ್ಟೆಂಬರ್ 7ಕ್ಕೆ ಚೌತಿ. ಅದೇ ವಾರ ಮೊಹರಂ ಚಂದ್ರನೂ ಕಂಡದ್ದರಿಂದ ಎರಡು ಹಬ್ಬ ಒಟ್ಟಿಗೇ ಬಂದವು. ಮುಂದಿನ ಅಂಕಣದಲ್ಲಿ ಡೋಲಿಗೆ ಅಂಟಿಸುವ ಬಣ್ಣದ ಕಾಗದದ ಕಮಾನುಗಳು, ಹಿಂದಿನದರಲ್ಲಿ ಗಣಪತಿಯ ಹಿಂದೆ ನಿಲ್ಲಿಸುವ ಕೈಲಾಸ. ಹಸಿರು ಬಣ್ಣದ ಡಬ್ಬಿ ಎರಡಕ್ಕೂ ಒಂದೇ. ನಮ್ಮ ಕಾಲೊನಿಯ ಗಣಪತಿಗೆ ಪ್ರತಿ ವರ್ಷ ಕೈಲಾಸದ ಬದಲು ನವಿಲುತೀರ್ಥದ ಕತೆಯೇ ಬೇಕಿತ್ತು. ಕಣಕುಂಬಿಯಲ್ಲಿ ಹುಟ್ಟಿ ಹರಿದು ಬಂದ ಮಲಪ್ರಭೆಗೆ ಇಲ್ಲಿ ಗುಡ್ಡ ಅಡ್ಡ ನಿಂತಿತಂತೆ. ದಾರಿ ಕಾಣದೆ ಹೊಳೆ ತಡವರಿಸಿದಾಗ ಮೇಲಿಂದ ನವಿಲು ಕೂಗಿ ಕರೆಯಿತಂತೆ. ಗುಡ್ಡ ಸೀಳಿ ಹಾದಿ ಬಿಟ್ಟಿತಂತೆ. ಆ ಸೀಳಿನ ಬಾಯಿಗೇ ಎಂಜಿನಿಯರರು ಅಣೆ ಕಟ್ಟಿದರು, ಎಪ್ಪತ್ತರ ದಶಕದ ಆರಂಭದಲ್ಲಿ ನೀರು ನಿಂತಿತು. ಕಾಕಾನ ಚಿತ್ರದಲ್ಲಿ ಕತೆಯ ನವಿಲೂ ಇತ್ತು, ಸಿಮೆಂಟಿನ ಡ್ಯಾಮೂ ಇತ್ತು. ಪೂಜೆಗೆ ಬಂದ ಎಂಜಿನಿಯರ್ ಸಾಹೇಬರು ಕರ್ಪೂರದಾರತಿಗೆ ಕೈ ಒಡ್ಡುತ್ತಲೇ, "ಪೇಂಟರ್, ಒಂದು ಗೇಟು ಜಾಸ್ತಿ ಬರೆದಿದ್ದೀರಿ" ಅಂದರು. ಅಪ್ಪ ಆ ದಿನ ನಕ್ಕದ್ದು ನೆನಪಿದೆ. ಅವನು ಅದನ್ನು ಬೆಳಿಗ್ಗೆಯೇ ನೋಡಿದ್ದನಂತೆ, ಹೇಳಿರಲಿಲ್ಲ. ಡ್ಯಾಮಿನ ಮೇಲಿನ ಬೋರ್ಡಿನಲ್ಲಿ ಜಲಾಶಯದ ತುಂಬಿದ ಮಟ್ಟ 2079.50 ಅಡಿ ಎಂದು ಬರೆದವನೂ ಕಾಕಾನೇ. ಆ ಚುಕ್ಕಿಯನ್ನು ಎಲ್ಲಿ ಇಡಬೇಕೆಂದು ಮೂರು ಸಲ ಕೇಳಿ ಬಂದಿದ್ದ.

ಅಕ್ಟೋಬರಿನಲ್ಲಿ ಬೈಲಹೊಂಗಲ, ಕಿತ್ತೂರಿನ ಕಡೆ. ಕಿತ್ತೂರು ಉತ್ಸವವೆಂದು ಈಗ ಸರಕಾರ ಅಕ್ಟೋಬರ್ 23ರಿಂದ ಮಾಡುವ ದೊಡ್ಡ ಸಂಭ್ರಮ ಆಗ ಈ ಗಾತ್ರದ್ದಾಗಿರಲಿಲ್ಲ. ಆದರೆ 1824ರಲ್ಲಿ ಥ್ಯಾಕರೆ ಸತ್ತ ಆ ದಿನವನ್ನು ಆ ಸೀಮೆಯ ಜನ ಮರೆತವರಲ್ಲ. ಶಾಲೆ, ಸಂಘ, ಸೊಸಾಯಿಟಿ ಎಲ್ಲ ಕಡೆ ಚೆನ್ನಮ್ಮನ ಚಿತ್ರ ಬೇಕು. ಚೆನ್ನಮ್ಮನನ್ನು ಎದುರಿಗೆ ಕೂಡಿಸಿಕೊಂಡು ಬರೆದ ಚಿತ್ರವನ್ನು ನಾನಂತೂ ಕಂಡಿಲ್ಲ. ಕಾಕಾನ ಚೆನ್ನಮ್ಮನಿಗೆ ಬಿ. ಸರೋಜಾದೇವಿಯ ಕಣ್ಣು. 1961ರ ಸಿನಿಮಾ ಬಂದ ಮೇಲೆ ನಮ್ಮ ಭಾಗದ ಪೇಂಟರರೆಲ್ಲರ ಚೆನ್ನಮ್ಮನಿಗೂ ಹೆಚ್ಚುಕಡಿಮೆ ಅದೇ ಕಣ್ಣು. ಬೈಲಹೊಂಗಲದಲ್ಲಿ ಆ ಕಣ್ಣಿನ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ, ತಕರಾರು ಕುದುರೆಯದು. ಕುದುರೆ ಎರಡೂ ಮುಂಗಾಲು ಎತ್ತಿ ನಿಂತಾಗ ಲಗಾಮು ಸಡಿಲ ಇರುವುದುಂಟೇ ಎಂದು ಟಾಂಗಾ ಹೊಡೆಯುವವನೊಬ್ಬ ಕೇಳಿದ. ಕಾಕಾನಿಗೆ ಉತ್ತರ ತೋಚಲಿಲ್ಲ. ಬಿಗಿ ಮಾಡಿ ಬರೆದ. "ಈಗ ಆಕಿ ಬೀಳೂದಿಲ್ಲ," ಅಂತ ಟಾಂಗಾದವನು ಸಮಾಧಾನಪಟ್ಟು ಹೋದ.

ಊರು ಬೈಲಹೊಂಗಲವಾದ್ದರಿಂದ ಒಂದು ಮಾತು. ಅಲ್ಲಿ ನಡೆದ ಸತ್ಯ ಘಟನೆಯನ್ನೇ ಪತ್ತಾರ ಮಾಸ್ತರರು 'ಸಂಗ್ಯಾ ಬಾಳ್ಯಾ' ಸಣ್ಣಾಟವಾಗಿ ಕಟ್ಟಿದರು. ಸಣ್ಣಾಟಕ್ಕೆ ಪರದೆ ಬೇಡ, ಒಂದು ಕಟ್ಟೆ, ಎರಡು ದೀಪ ಸಾಕು. ಕಂಪನಿ ನಾಟಕಕ್ಕೆ ಮಾತ್ರ ಪರದೆಯಿಲ್ಲದೆ ನಡೆಯದು. ಗದಗಿನ ಗರುಡ ಸದಾಶಿವರಾಯರ ಕಾಲದಿಂದ ನಮ್ಮ ಜನಕ್ಕೆ ರಂಗದ ಮೇಲೆ ಅರಮನೆಯೆಂದರೆ ಅರಮನೆಯೇ ಕಾಣಬೇಕು. ನಮ್ಮ ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು ಕಲಾವೈಭವ ನಾಟ್ಯ ಸಂಘ ಕಟ್ಟಿ 'ಜಗಜ್ಯೋತಿ ಬಸವೇಶ್ವರ' ಆಡಿದ್ದನ್ನು ಕಾಕಾ ಸಣ್ಣವನಿದ್ದಾಗ ನೋಡಿದ್ದ. ಬಸವಣ್ಣನ ಮಾತಿಗಿಂತ ಅವನ ಹಿಂದಿದ್ದ ಕಲ್ಯಾಣದ ಅರಮನೆಯೇ ತನ್ನ ತಲೆಯಲ್ಲಿ ಕೂತುಬಿಟ್ಟಿತು ಎನ್ನುತ್ತಿದ್ದ. ಒಬ್ಬ ಪರದೆ ಪೇಂಟರನ ಕೈಕೆಳಗೆ ಏಳು ವರ್ಷ ದುಡಿದು ಕಲಿತದ್ದು ಆ ಅರಮನೆಯ ಕಂಬಗಳನ್ನು.

ಸುಗ್ಗಿಗೆ ಮುಂಚೆ ಪರದೆಯ ಕೆಲಸ. ಹಳ್ಳಿಯ ಹುಡುಗರು ಜಾತ್ರೆಯಲ್ಲಿ ನಾಟಕ ಆಡುತ್ತಾರೆ. ಬಾಡಿಗೆಗೆ ಪರದೆ ಬೇಕು. ಕಾಕಾನ ಹತ್ತಿರ ಏಳು ಪರದೆಗಳ ಒಂದು ಸೆಟ್ಟಿತ್ತು: ದರಬಾರ, ರಸ್ತೆ, ಕಾಡು, ಬಡವರ ಮನೆ, ಸಾಹುಕಾರರ ಮನೆ, ಜೈಲು, ಮತ್ತೆ ಮುಂದಿನ ದೊಡ್ಡ ಪರದೆ. ಆ ಚಳಿಗಾಲದಲ್ಲಿ ದರಬಾರ ಹೊಸದಾಗಿ ಬರೆದೆವು. ಮಾಂಜರಪಾಟ ಬಟ್ಟೆಯನ್ನು ಹೊಲಿಸಿ, ಖಾಲಿ ಗೋದಾಮಿನ ಗೋಡೆಗೆ ಬಿಗಿದು, ಗಂಜಿ ಬಳಿದು ಒಣಗಿಸಬೇಕು. ಬಡಿಗೇರರು ಬಳಸುವ ಅಂಟನ್ನು ಕಾಸಿ, ಪುಡಿಬಣ್ಣಕ್ಕೆ ಕಲಸಿ, ಬೆಚ್ಚಗಿರುವಾಗಲೇ ಹಚ್ಚಬೇಕು. ತಣ್ಣಗಾದರೆ ಕಲಸು ಮೊಸರಿನಂತೆ ಕಟ್ಟುತ್ತದೆ. ತೆಳ್ಳಗೆ ಹಚ್ಚಬೇಕು. ಪರದೆಯ ಕೆಳಗೆ ಬೊಂಬಿನ ಗಳ ಇರುತ್ತದೆ, ಹಗ್ಗ ಜಗ್ಗಿದರೆ ಸುತ್ತಿಕೊಂಡು ಮೇಲೇರುತ್ತದೆ; ಬಣ್ಣ ದಪ್ಪವಿದ್ದರೆ ಸುತ್ತಿದಲ್ಲೆಲ್ಲ ಸಿಪ್ಪೆ ಏಳುತ್ತದೆ. ನನಗೆ ಸೋಜಿಗ ಅನಿಸಿದ್ದು ರಾತ್ರಿಯ ಪರೀಕ್ಷೆ. ಹಗಲು ಬರೆದದ್ದನ್ನು ಕಾಕಾ ರಾತ್ರಿ ಗ್ಯಾಸಬತ್ತಿ ಹಚ್ಚಿ ನೋಡುತ್ತಿದ್ದ. ಹಗಲಿನಲ್ಲಿ ನೀಲಿ ಕಂಡ ಸೆರಗು ಹಳದಿ ಬೆಳಕಿನಲ್ಲಿ ಕಪ್ಪಾಗಿ ಕೂಡುತ್ತದೆ. "ಪರದೆ ಮಂದಿ ನೋಡೂದು ರಾತ್ರಿ. ಹಗಲ ನೋಡಾಂವ ಇಲಿ ಒಂದ," ಎನ್ನುತ್ತಿದ್ದ.

ತಗಡಿನ ಬೋರ್ಡಿನ ಮೂಲೆಯಲ್ಲಿ ಎಲ್ಲ ಪೇಂಟರರೂ ತಮ್ಮ ಹೆಸರು, ಊರು ಬರೆಯುತ್ತಿದ್ದರು. ಕಾಕಾ ಎಲ್ಲೂ ಬರೆಯುತ್ತಿರಲಿಲ್ಲ. ಬಲಗಡೆಯ ಕೆಳಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ನವಿಲುಗರಿಯ ಕಣ್ಣು ಬರೆದು ಬಿಡುತ್ತಿದ್ದ. ಯಾಕೆ ಕಾಕಾ ಎಂದು ಕೇಳಿದ್ದಕ್ಕೆ, "ಹೆಸರ ಬರದ್ರ ತಪ್ಪೆಲ್ಲ ಹೆಸರಿಗೆ ಬರ್ತಾವಲೇ ತಮ್ಮಾ," ಅಂದ.

1987ರ ಜನವರಿಯಲ್ಲಿ ನಮಗೆ ನಿದ್ದೆ ಇರಲಿಲ್ಲ. ಜಿಲ್ಲಾ ಪರಿಷತ್ತಿನ ಚುನಾವಣೆ ಬಂತು. ಗೋಡೆ ಗೋಡೆಗೂ ಚಕ್ರದೊಳಗಿನ ನೇಗಿಲು ಹೊತ್ತ ರೈತ, ಪಕ್ಕದ ಗೋಡೆಗೆ ಕೈ. ಎರಡೂ ನಮ್ಮದೇ ಕೈಯವು. ಕೈಯ ಗುರುತಿಗೆ ಕಾಕಾ ತನ್ನ ಎಡಗೈಯನ್ನೇ ಗೋಡೆಗೆ ಊರಿ ಗೆರೆ ಎಳೆಯುತ್ತಿದ್ದ. ಬೆರಳೊಂದು ಡೊಂಕು, ಗುರುತಿನ ಬೆರಳೂ ಡೊಂಕಾಯಿತು. ಆ ಪಕ್ಷದವರು ಬಂದು ನೇರ ಮಾಡಿಸಿದರು. ಅದರ ನಡುವೆಯೇ, ಸಂಕ್ರಾಂತಿಯ ಬೆನ್ನಿಗೆ ಬನದ ಹುಣ್ಣಿಮೆ. ಅದೇ ಹುಣ್ಣಿಮೆಗೆ ಅತ್ತ ಬಾದಾಮಿಯ ಬನಶಂಕರಿ ಜಾತ್ರೆ, ಇತ್ತ ಎಲ್ಲಮ್ಮನ ಗುಡ್ಡ. ನಾಟಕ ಕಂಪನಿಗಳೆಲ್ಲ ಬನಶಂಕರಿಗೆ ಹೋಗುತ್ತವೆ, ಪೇಂಟರರಿಗೆ ಅಲ್ಲಿ ಕೈತುಂಬ ಕೆಲಸ. ಕಾಕಾ ಮಾತ್ರ ಗುಡ್ಡ ಬಿಟ್ಟು ಹೋದವನಲ್ಲ.

ಗುಡ್ಡದ ಆ ದಿನಗಳನ್ನು ಬರೆಯಲು ಕೂತರೆ ಕೈ ನಿಲ್ಲುವುದಿಲ್ಲ. ಜೋಗುಳಬಾವಿಯಿಂದ ಮೇಲಿನ ತನಕ ಚಕ್ಕಡಿಗಳ ಸಾಲು. ಭಂಡಾರದ ಹಳದಿ ಗಾಳಿಯಲ್ಲಿ ತೇಲಿ ಬಂದು ನಮ್ಮ ಹಸಿ ಬಣ್ಣದ ಮೇಲೆ ಕೂಡುತ್ತಿತ್ತು. ಉಧೋ ಉಧೋ ಕೂಗು, ಚೌಡಿಕೆಯ ಸದ್ದು, ತಲೆಯ ಮೇಲಿನ ಕೊಡಕ್ಕೆ ಕಟ್ಟಿದ ನವಿಲುಗರಿ. ಎಷ್ಟು ಬಗೆಯ ಚಿತ್ರಗಳು ಅಲ್ಲಿ! ಚಕ್ಕಡಿಯ ಹಿಂದಿನ ಹಲಿಗೆಗೆ ಬರೆಸಿದ ಆನೆ, ಸಿಂಹ. ಫೋಟೋದವರ ಡೇರೆಯೊಳಗೆ ತಾಜಮಹಲ ಮತ್ತು ವಿಮಾನ ಒಟ್ಟಿಗೇ ಇರುವ ಪರದೆ. ಅದರ ಮುಂದೆ ಗಂಡ ಹೆಂಡತಿ ಎದೆ ಸೆಟೆಸಿ ನಿಂತು ತೆಗೆಸಿದ ಫೋಟೋ ನಮ್ಮ ಭಾಗದ ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಶಿವಕಾಶಿಯಲ್ಲಿ ಅಚ್ಚಾದ ದೇವರ ಪಟಗಳಿಗೆ ಜರಿ, ಚಮಕಿ ಅಂಟಿಸಿ ಕಟ್ಟು ಹಾಕಿ ಮಾರುವ ಅಂಗಡಿಗಳು. ಅಚ್ಚಿನ ಪಟ ಬಂದು ಬಹಳ ಕಾಲವಾಗಿತ್ತು, ಆದರೂ ಅಂಗಡಿಯ ನೆತ್ತಿಯ ಮೇಲಿನ ದೊಡ್ಡ ಎಲ್ಲಮ್ಮ ಕೈಯಿಂದಲೇ ಬರೆದವಳಾಗಬೇಕಿತ್ತು.

ಆ ದೊಡ್ಡ ಎಲ್ಲಮ್ಮನ ಮೇಲೇ ನನ್ನ ತಪ್ಪು ಆದದ್ದು. ಮುಖದ ಗೆರೆಗಳನ್ನು ಕಾಗದದಲ್ಲಿ ಸೂಜಿಯಿಂದ ಚುಚ್ಚಿ, ತಗಡಿನ ಮೇಲಿಟ್ಟು, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚುಕ್ಕಿ ಚುಕ್ಕಿಯಾಗಿ ಮೂಡುತ್ತದೆ. ಕಾಕಾ ಚಹಾಕ್ಕೆ ಹೋದಾಗ ನಾನೇ ತಟ್ಟಿದೆ, ಕಾಗದ ಮಗುಚಿ ಹಿಡಿದು. ತೂತು ಎರಡೂ ಕಡೆ ಒಂದೇ, ತಿಳಿಯುವುದು ಹೇಗೆ? ರಾತ್ರಿಯ ಗಡಿಬಿಡಿಯಲ್ಲಿ ಬಣ್ಣ ತುಂಬಿ ಬೆಳಿಗ್ಗೆ ಏರಿಸಿಬಿಟ್ಟೆವು. ಮಧ್ಯಾಹ್ನದ ತನಕ ಸಾವಿರಾರು ಜನ ಕೈಮುಗಿದು ಹೋದರು. ಒಬ್ಬ ಮುದಿ ಜೋಗಮ್ಮ ಮಾತ್ರ ಹಡ್ಡಲಗಿ ಕೆಳಗಿಳಿಸಿ, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಯಪ್ಪಾ, ನಮ್ಮವ್ವಗ ನತ್ತ ಬಲಕ ಹಾಕೀರಲ್ಲೋ! ಯಾವ ಸೀಮಿ ಹೆಣಮಗಳು ಮಾಡೀರಿ ಆಕೀನ್ನ?"

ನಮ್ಮ ಕಡೆ ನತ್ತು ಎಡ ಮೂಗಿಗೆ. ಕಾಕಾ ನನ್ನ ಮುಖ ನೋಡಿದ. ನಾನು ಕಾಗದ ನೋಡಿದೆ. ಅವನು ಆಕೆಯ ಕಾಲಿಗೆ ಕೈ ಮುಟ್ಟಿಸಿ, "ತಪ್ಪಾತ ಬೇ, ಸಂಜೀಕ ತಿದ್ದತೀನಿ," ಅಂದ. ತಿದ್ದುವಾಗ ಜೋಗಮ್ಮ ಮತ್ತೆ ಬಂದಳು, ನೋಡಿ ತಲೆಯಾಡಿಸಿ ನನ್ನ ಹಣೆಗೆ ಭಂಡಾರ ಹಚ್ಚಿದಳು.

ಇನ್ನೊಂದು ಬರಹವಿದೆ, ಅದನ್ನು ಮರೆತರೆ ನಾನು ಗುಡ್ಡದ ಬಗ್ಗೆ ಸಿಹಿ ಮಾತ್ರ ಬರೆದಂತಾಗುತ್ತದೆ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆಯನ್ನು ಸರಕಾರ 1982ರಲ್ಲಿ ಮಾಡಿತ್ತು. ಮುತ್ತು ಕಟ್ಟುವುದು ಶಿಕ್ಷೆಗೆ ಗುರಿಯಾಗುವ ಅಪರಾಧ ಎಂದು ಗುಡ್ಡದ ದಾರಿಯ ಗೋಡೆಗಳಿಗೆ ಬರೆಯುವ ಕೆಲಸವೂ ಕಾಕಾನ ಪಾಲಿಗೆ ಬಂದಿತ್ತು. ಭಾರತ ಹುಣ್ಣಿಮೆಗೆ ಎರಡು ದಿನ ಇರುವಾಗ ಕೆಂಪು ಬಣ್ಣದಲ್ಲಿ ಬರೆಯುತ್ತಿದ್ದೆವು. ಕೊರಳಲ್ಲಿ ಮುತ್ತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ನಿಂತು, ಏನು ಬರೆದೀರಿ ಓದಿ ಹೇಳಿರಿ ಅಂದಳು. ಕಾಕಾ ಓದಿದ. ಆಕೆ ಇನ್ನೊಮ್ಮೆ ಓದಿಸಿದಳು. ಆಮೇಲೆ, "ನನ್ನ ಕೊಳ್ಳಾಗ ಕಟ್ಟೂಕಿಂತ ಮೊದಲ ಬರೀಬೇಕಿತ್ತಪ್ಪಾ," ಅಂದು ಗುಡ್ಡ ಹತ್ತಿದಳು. ಕಾಕಾ ಆ ದಿನ ಮತ್ತೆ ಬ್ರಶ್ಶು ಮುಟ್ಟಲಿಲ್ಲ. ಉಳಿದ ಅರ್ಧ ವಾಕ್ಯ ಮರುದಿನ ಬರೆದೆವು.

ವರ್ಷ ಮುಗಿದದ್ದು ಯುಗಾದಿಗೆ, ಶಿರಸಂಗಿಯ ಕಾಳಮ್ಮನ ಜಾತ್ರೆಯಲ್ಲಿ. ವಿಶ್ವಕರ್ಮರ ಮನೆದೇವಿ ಆಕೆ. ಬಡಿಗೇರ, ಕಮ್ಮಾರ, ಪತ್ತಾರ, ಶಿಲ್ಪಿ ಎಲ್ಲರೂ ದೂರದೂರದಿಂದ ಹೊಸ ಗೋದಿ ಹೊತ್ತು ಬರುತ್ತಾರೆ. ಕಾಕಾ ಆ ಕುಲದವನಲ್ಲ, ಆದರೂ ಬ್ರಶ್ಶುಗಳ ಕಟ್ಟು ಬಗಲಲ್ಲಿ ಹಿಡಿದು ಬರುತ್ತಿದ್ದ. ಅಲ್ಲಿ ನಾವು ಏನೂ ಬರೆಯಲಿಲ್ಲ, ಬರೇ ನೋಡಿದೆವು. ಕಟ್ಟಿಗೆಯವರು ಕಲ್ಲಿನವರ ಕೆಲಸ ನೋಡಿ ಆಡುವ ಮಾತು, ಬೆಳ್ಳಿಯವರು ಇಬ್ಬರನ್ನೂ ಆಡಿಕೊಳ್ಳುವ ಮಾತು. ನಾನು ಕೇಳಿದ ಕಲಾವಿಮರ್ಶೆಯಲ್ಲಿ ಅದಕ್ಕಿಂತ ಹರಿತವಾದದ್ದು ಇಲ್ಲ. ಆ ಬೇಸಿಗೆಯಲ್ಲಿ ಗಣಿತ ಪಾಸಾಯಿತು. ಧಾರವಾಡದ ಕಾಲೇಜಿಗೆ ಹೋದೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಕೆಲಸದ ಮೇಲೆ ಕೆಲವು ವರ್ಷ ಉಡುಪಿಯಲ್ಲಿದ್ದೆ. ಕಡಲ ದಂಡೆಯ ಆ ಸೀಮೆಯಲ್ಲಿ ವರ್ಷಕ್ಕೆ ಇಷ್ಟು ಎಂದು ಪ್ರದರ್ಶನಗಳು ಸಾಲಾಗಿ ನಡೆಯುತ್ತಿದ್ದವು: ಮಳೆಗಾಲದ ಜಲವರ್ಣ, ಶಾಲಾ ಮಕ್ಕಳದು, ಹಿರಿಯರ ನೆನಪಿನದು. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಹೆಸರು ಅಲ್ಲಿ ಎಲ್ಲರ ಬಾಯಲ್ಲಿ. ಹೆಬ್ಬಾರರ ತಂದೆ ಚೌತಿಗೆ ಗಣಪತಿ ಮಾಡುತ್ತಿದ್ದರೆಂದು ಓದಿದಾಗ ಮುನವಳ್ಳಿಯ ಹಿಂದಿನ ಅಂಕಣ ಕಣ್ಣಿಗೆ ಬಂತು. ರಜೆಗೆ ಬಂದಾಗ ಕಾಕಾನಿಗೆ ಹೇಳಿದೆ. "ಮಗ ಮುಂಬೈಕ್ಕ ಹೋದ, ದೊಡ್ಡಾಂವ ಆದ. ಅಪ್ಪನ ಗಣಪತಿ ಹೊಳಿಗೆ ಹೋತು. ಬರೋಬ್ಬರಿ ಐತಿ," ಅಂದ. ಅದರಲ್ಲಿ ಅಸೂಯೆ ಇರಲಿಲ್ಲ. ನೀರಿಗೆ ಬಿಡಲೆಂದೇ ಮಾಡುವುದೂ ಒಂದು ಕೆಲಸ ಎಂಬ ಲೆಕ್ಕ ಅವನದು.

ಊರಿನಲ್ಲಿ ಮೊದಲು ರೇಡಿಯಂ ಸ್ಟಿಕರು ಬಂತು, ವಾಹನಗಳ ನಂಬರು ಹೋಯಿತು. ಆಮೇಲೆ ಫ್ಲೆಕ್ಸು. ಈ ಶತಮಾನದ ಮೊದಲ ವರ್ಷಗಳಲ್ಲೇ ಗುಡ್ಡದಲ್ಲಿ ಅದನ್ನು ಕಂಡ ನೆನಪು. ಕಾಕಾ ಹತ್ತಿರ ಹೋಗಿ ಉಗುರಿನಿಂದ ಕೆರೆದು ನೋಡಿದ. "ಬಣ್ಣ ಎಲ್ಲೈತೋ ಇದರಾಗ?" ಅಂದ. ಮೊದಲು ಹುಬ್ಬಳ್ಳಿಯಿಂದ ಮಾಡಿಸಿ ತರುತ್ತಿದ್ದರು, ಕೆಲವೇ ವರ್ಷಗಳಲ್ಲಿ ತಾಲೂಕಿನ ಊರುಗಳಲ್ಲೇ ಯಂತ್ರ ಕೂತವು. ಸಂಜೆ ಫೋಟೋ ಕೊಟ್ಟರೆ ಬೆಳಿಗ್ಗೆ ಮೂವತ್ತು ಮುಖಗಳ ಬ್ಯಾನರು ತಯಾರು.

ಫ್ಲೆಕ್ಸನ್ನು ಬಯ್ಯುವುದು ಈಗ ಸುಲಭ, ನಾನು ಅಷ್ಟು ಸುಲಭಕ್ಕೆ ಬಯ್ಯಲಾರೆ. ಟರ್ಪೆಂಟೈನಿನ ವಾಸನೆಯಲ್ಲಿ ನಲವತ್ತು ವರ್ಷ ಕೂತ ಕಾಕಾನ ಕೆಮ್ಮು ನನಗೆ ಗೊತ್ತು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಪೇಂಟರರು ಗೊತ್ತು. ಕೈಬರಹದ ಕಾಲದಲ್ಲಿ ಬೋರ್ಡಿನ ಮೇಲೆ ಮುಖ ಮೂಡುತ್ತಿದ್ದದ್ದು ದೇವರದು, ರಾಜರದು, ಮಂತ್ರಿಗಳದು. ಈಗ ಹಾಲಿನ ಡೇರಿಯ ಹುಡುಗನ ಹುಟ್ಟುಹಬ್ಬಕ್ಕೂ ಬಸ್ ಸ್ಟ್ಯಾಂಡಿನಲ್ಲಿ ಅವನ ಮುಖವಿದೆ, ಅವನ ಅವ್ವ ಅದನ್ನು ನಿಂತು ನೋಡಿ ಹೋಗುತ್ತಾಳೆ. ಅದರಲ್ಲಿ ಏನು ತಪ್ಪು? ನನ್ನ ತಕರಾರು ಬೇರೆ. ಫ್ಲೆಕ್ಸಿನ ಮುಂದೆ ನಿಂತು ಕುದುರೆಯ ಲಗಾಮು ಸಡಿಲಾಗಿದೆ ಎಂದು ಯಾರೂ ಹೇಳುವುದಿಲ್ಲ. ಫೋನ್ ನಂಬರು ತಪ್ಪಿದ್ದರೆ ಹೇಳುತ್ತಾರೆ, ಅಷ್ಟೇ. ತಿದ್ದಲಿಕ್ಕೂ ಬರುವುದಿಲ್ಲ, ಕಿತ್ತು ಹಾಕಿ ಹೊಸದು ಹೊಡೆಸಬೇಕು. 2007ರ ಸೆಪ್ಟೆಂಬರಿನಲ್ಲಿ ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತಲ್ಲ, ಅದರ ಫೋಟೋ ಬಂದ ಮೇಲೆ ನಮ್ಮಲ್ಲಿಯ ಬ್ಯಾನರುಗಳಲ್ಲೂ ಅದೇ ಚೆನ್ನಮ್ಮ. ಸರೋಜಾದೇವಿಯ ಕಣ್ಣು ಹೋಯಿತು. ಊರಿಗೊಂದು ಬಗೆಯ ಚೆನ್ನಮ್ಮ ಇದ್ದದ್ದೂ ಹೋಯಿತು.

2016ರ ಮಾರ್ಚಿನಲ್ಲಿ ರಾಜ್ಯದಲ್ಲಿ ಫ್ಲೆಕ್ಸು, ಪ್ಲಾಸ್ಟಿಕ್ ಬ್ಯಾನರು ನಿಷೇಧಿಸಿ ಆದೇಶ ಬಂದಾಗ ಕಾಕಾ ನನಗೆ ಫೋನು ಮಾಡಿದ್ದ. ಹಳೆಯ ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ನೆನೆಯಿಟ್ಟಿದ್ದೇನೆ ಅಂದ. ಬ್ರಶ್ಶುಗಳು ಮೆತ್ತಗಾದವು, ಕೆಲಸ ಬರಲಿಲ್ಲ. ಆಗ ಅವನಿಗೆ ಉಳಿದದ್ದು ಶಾಲೆಯ ಗೋಡೆಯ ಮೇಲೆ ಮಗ್ಗಿ, ಭೂಪಟ, ಹಣ್ಣಿನ ಚಿತ್ರ. ಮಕ್ಕಳು ಮಾತ್ರ ಇನ್ನೂ ತಪ್ಪು ಹೇಳುತ್ತಿದ್ದರು. ಕುಂಬಳಕಾಯಿ ನೋಡಿ ಇದು ಕಲ್ಲಂಗಡಿ ಅಲ್ಲವೇ ಅಜ್ಜ ಎಂದು ಒಬ್ಬಳು ಕೇಳಿದ್ದನ್ನು ಬಹಳ ಖುಷಿಯಿಂದ ಹೇಳುತ್ತಿದ್ದ.

2018ರ ಚಳಿಗಾಲದಲ್ಲಿ ಅವನನ್ನು ಧಾರವಾಡದ ಒಂದು ಗ್ಯಾಲರಿಗೆ ಕರೆದೊಯ್ದೆ. ಧಾರವಾಡ ಚಿತ್ರಕಲೆಗೆ ಹೊಸ ಊರಲ್ಲ. ಮುಂಬಯಿಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು ಸ್ವಾತಂತ್ರ್ಯಕ್ಕಿಂತ ಮೊದಲೇ ಅಲ್ಲಿ ಶಾಲೆ ತೆರೆದು ಎಷ್ಟೋ ಕಲಾವಿದರನ್ನು ತಯಾರು ಮಾಡಿದವರು. ಬೆಳ್ಳನೆಯ ಗೋಡೆ, ಒಂದೊಂದು ಚಿತ್ರಕ್ಕೂ ಒಂದೊಂದು ದೀಪ. ಕಾಕಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ, ಬೇರೆ ಯಾರೂ ಬಿಟ್ಟಿರಲಿಲ್ಲ. ಪ್ರತಿ ಚಿತ್ರದ ಹತ್ತಿರ ನಿಂತ. ಮಲಪ್ರಭೆಯ ಹಿನ್ನೀರಿನ ಒಂದು ಜಲವರ್ಣದ ಮುಂದೆ ಬಹಳ ಹೊತ್ತು ನಿಂತು, "ನೀರ ಛಲೋ ಬಂದೈತಿ. ದೋಣಿ ನೆರಳ ಉಲ್ಟಾ ಬಿದ್ದೈತಿ," ಅಂದ. ಕಲಾವಿದ ಹುಡುಗ ಅಲ್ಲೇ ಇದ್ದ, ಮುಖ ಸಣ್ಣದಾಯಿತು. ನಾನು ಕಾಕಾನ ತೋಳು ಹಿಡಿದು ಮುಂದೆ ನಡೆಸಿದೆ. ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ ಏನಾದರೂ ಬರೆಯಿರಿ ಎಂದರು. ಕಾಕಾ ಹಿಂದಿನ ಹಾಳೆ ತಿರುವಿ ನೋಡಿದ. ಅದ್ಭುತ, ಅತ್ಯದ್ಭುತ, ಶುಭವಾಗಲಿ. "ಎಲ್ಲಾರೂ ಹಿಂಗ ಬರದ್ರ ಈ ಹುಡುಗ ಕಲಿಯೂದ ಯಾವಾಗ?" ಎಂದು ನನ್ನ ಕಿವಿಯಲ್ಲಿ ಕೇಳಿ, ಪೆನ್ನು ತೆಗೆದುಕೊಂಡು ಒಂದು ಸಣ್ಣ ನವಿಲುಗರಿ ಬರೆದು ಬಂದ. ಅವನ ತೋಳು ಹಿಡಿದು ಎಳೆದದ್ದು ಈಗಲೂ ನನಗೆ ನಾಚಿಕೆ.

ಮರು ವರ್ಷ, 2019ರ ಆಗಸ್ಟಿನಲ್ಲಿ ಮಲಪ್ರಭೆ ಬಂದಳು. ಮುನವಳ್ಳಿಗೆ ನೀರು ನುಗ್ಗಿತು, ಕೆಳಗೆ ರಾಮದುರ್ಗದ ತನಕ ದಂಡೆಯ ಊರುಗಳು ಮುಳುಗಿದವು. ಕಾಕಾನನ್ನು ಮೊದಲೇ ಮಗಳ ಮನೆಗೆ ಕರೆದೊಯ್ದಿದ್ದರು. ನೀರು ಇಳಿದ ಮೇಲೆ ನಾನೂ ಹೋದೆ. ಹಿಂದಿನ ಅಂಕಣದ ಅಟ್ಟದಲ್ಲಿ ಸುತ್ತಿಟ್ಟಿದ್ದ ಆರು ಪರದೆಗಳನ್ನು ಹೊರಗೆ ತಂದು ಬಿಚ್ಚಿದೆವು. ತಗಡಿನ ಮೇಲಿನ ಎನಾಮೆಲ್ಲು ನೀರಿಗೆ ಜಗ್ಗುವುದಿಲ್ಲ, ಆದರೆ ಅಂಟಿನಲ್ಲಿ ಕಲಸಿದ ಪುಡಿಬಣ್ಣ ಕರಗುತ್ತದೆ. ದರಬಾರ, ಕಾಡು, ಜೈಲು ಎಲ್ಲ ಒಂದೇ ಆಗಿ ಕಂದು ಕೆಸರಿನ ಬಟ್ಟೆಯಾಗಿತ್ತು. ನಾನು ಹದಿನಾರರ ವಯಸ್ಸಿನಲ್ಲಿ ಹಚ್ಚಿದ ಕಂಬದ ಹಳದಿ ಎಲ್ಲಿತ್ತೆಂದು ಹುಡುಕಿದೆ, ಸಿಗಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. "ಹೊಳ್ಳಿ ಮಾಂಜರಪಾಟ ಆತು. ಹೊಸಾದ ಬರೀಬಹುದು," ಅಂದ. ಬರೆಯಲಿಲ್ಲ. ಎರಡು ವರ್ಷದ ಮೇಲೆ ತೀರಿಕೊಂಡ.

ಏಳನೆಯ ಪರದೆ, ರಸ್ತೆಯದು, ಆ ಮಳೆಗಾಲದಲ್ಲಿ ಅಟ್ಟದ ಮೇಲೆ ಇರಲಿಲ್ಲ. ರಾಮದುರ್ಗದ ಕಡೆಯ ಯಾವುದೋ ಹಳ್ಳಿಯವರು ಜಾತ್ರೆಯ ನಾಟಕಕ್ಕೆ ಒಯ್ದವರು ತಿರುಗಿ ಕೊಟ್ಟಿರಲಿಲ್ಲ. ಬಾಡಿಗೆ ಬಾಕಿಯೆಂದು ಕಾಕಾ ವರ್ಷಾನುಗಟ್ಟಲೆ ಬಯ್ದುಕೊಂಡಿದ್ದ ಆ ಪರದೆಯನ್ನು ನಾನು ಈಗ ಹುಡುಕುತ್ತಿದ್ದೇನೆ. ಎರಡು ಕಡೆ ಮಾಳಿಗೆ ಮನೆ, ನಡುವೆ ದೀಪದ ಕಂಬ, ದೂರದಲ್ಲಿ ಗುಡ್ಡ, ಬಲಗಡೆಯ ಕೆಳಮೂಲೆಯಲ್ಲಿ ಉಗುರಿನಷ್ಟು ನವಿಲುಗರಿ. ನಿಮ್ಮೂರಿನ ಗುಡಿಯ ಅಟ್ಟದ ಮೇಲೋ ಪಂಚಾಯಿತಿ ಕಟ್ಟಡದ ಮೂಲೆಯಲ್ಲೋ ಬೊಂಬಿಗೆ ಸುತ್ತಿದ ಹಳೆಯ ಪರದೆ ಇದ್ದರೆ, ಕಾಕಾನದೇ ಆಗಬೇಕೆಂದಿಲ್ಲ, ಯಾರದೇ ಇರಲಿ, ನೆರಳಿನಲ್ಲಿ ಒಮ್ಮೆ ಬಿಚ್ಚಿ ಗಾಳಿಗೆ ಹಾಕಿರಿ. ಮೂಲೆಯಲ್ಲಿ ಹೆಸರೋ ಗುರುತೋ ಇದೆಯೇ ನೋಡಿ ಬರೆದಿಟ್ಟುಕೊಳ್ಳಿರಿ. ಧೂಳನ್ನು ಒಣ ಅರಿವೆಯಿಂದ ಮೆಲ್ಲಗೆ ತಟ್ಟಿ ತೆಗೆಯಿರಿ. ಒದ್ದೆ ಅರಿವೆ ಮಾತ್ರ ಮುಟ್ಟಿಸಬೇಡಿರಿ.